ಕಡಲಕಳೆಯ ಹದಿನಾಲ್ಕು ಲೇಖನ ಮತ್ತು ಒಂದು ಸಾಫ್ಟ್‌ವೇರ್

ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಅದನ್ನು ಬಳಸುವವರು ಯಾರು ಎಂದು ನೋಡಿ. ಮಾರುವವನ ಮುಖವನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಈ ಬುದ್ಧಿಮಾತನ್ನು ನಿಮಗೆ ಬಿಟ್ಟಿಯಾಗಿ ಕೊಡುತ್ತಿದ್ದೇನೆ. ನನಗೆ ಅದು ಬಿಟ್ಟಿ ಸಿಕ್ಕಿದ್ದಲ್ಲ.

ತೊಂಬತ್ತರ ದಶಕದ ನಡುಭಾಗ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ, ಒಂದು ಕೋಚಿಂಗ್ ಸೆಂಟರಿನ ಕೆಳಗಿನ ಮಳಿಗೆಯಲ್ಲಿ, ನಾನು ಪಿಎಚ್‌ಡಿ ಥೀಸಿಸ್‌ಗಳನ್ನು ಟೈಪ್ ಮಾಡಿಸಿ ಕೊಡುವ ಅಂಗಡಿ ನಡೆಸುತ್ತಿದ್ದೆ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಒಬ್ಬ ಆಪರೇಟರು. ಅಧ್ಯಾಯಗಳನ್ನು ಟೈಪ್ ಮಾಡುವುದು ಕಷ್ಟದ ಕೆಲಸವಲ್ಲ. ಜೀವ ಹಿಂಡುತ್ತಿದ್ದದ್ದು ಕೊನೆಗೆ ಬರುವ ಉಲ್ಲೇಖ ಪಟ್ಟಿ; ಅಂದರೆ ಯಾರ ಯಾವ ಲೇಖನ ಓದಿ ಇದನ್ನು ಬರೆದೆ ಎಂದು ಹೇಳಿಕೊಳ್ಳುವ ಪುಟಗಳು. ನಮ್ಮಲ್ಲಿಗೆ ಬರುತ್ತಿದ್ದ, ಊರಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರ ಪದ್ಧತಿಯಲ್ಲಿ ಪಟ್ಟಿ ಇಂಗ್ಲಿಷ್ ಅಕ್ಷರ ಕ್ರಮದಲ್ಲಿರಬೇಕು, ಪ್ರತಿ ಲೇಖನಕ್ಕೂ ಕ್ರಮಸಂಖ್ಯೆ ಇರಬೇಕು, ಒಳಗಿನ ಅಧ್ಯಾಯಗಳಲ್ಲಿ ಆ ಸಂಖ್ಯೆಯನ್ನೇ ಕಂಸದಲ್ಲಿ ಹಾಕಬೇಕು. ಎಲ್ಲ ಮುಗಿದು ಪ್ರಿಂಟ್ ತೆಗೆದ ಮೇಲೆ "ಬಿ ಅಕ್ಷರದಲ್ಲಿ ಒಂದು ಬಿಟ್ಟುಹೋಗಿದೆ ಸಾರ್" ಎಂದು ಯಾರಾದರೂ ಬಂದರೆ ಮುಗಿಯಿತು. ಅಲ್ಲಿಂದ ಕೆಳಗಿನ ಸಂಖ್ಯೆಗಳೆಲ್ಲ ಒಂದೊಂದು ಜರುಗಬೇಕು. ನಮ್ಮ ಆಪರೇಟರು ಮೂವತ್ತೊಂದನ್ನು ಹುಡುಕಿ ಮೂವತ್ತೆರಡು ಮಾಡಿ, ಆಮೇಲೆ ಮೂವತ್ತೆರಡನ್ನೆಲ್ಲ ಹುಡುಕಿ ಮೂವತ್ತಮೂರು ಮಾಡಿ, ಕೊನೆಗೆ ಎರಡು ಬೇರೆ ಬೇರೆ ಲೇಖನಕ್ಕೆ ಒಂದೇ ಸಂಖ್ಯೆ ಕೊಟ್ಟು ಕೂತಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈ ಪಾಡಿಗೆ ಸಾಫ್ಟ್‌ವೇರ್ ಬಂದಿದೆ ಎಂದು ಕೇಳಿದ್ದೆ. ಕೊಳ್ಳುವ ಗಟ್ಟಿ ಮನಸ್ಸು ಮಾಡಿಸಿದ್ದು ಒಬ್ಬ ಉಪನ್ಯಾಸಕಿ.

ಆಕೆ ವಿಜಯವಾಡದ, ಅವರ ಬಾಯಲ್ಲಿ ಬೆಜವಾಡದ, ಒಂದು ಖಾಸಗಿ ಕಾಲೇಜಿನವರು. ತಾಯಿ ಬಳ್ಳಾರಿ ಕಡೆಯವರು, ತಂದೆ ತೆಲುಗರು. ಸಂಶೋಧನೆಗೆ ರಜೆ ಹಾಕಿ ಬಂದು ನಮ್ಮ ಬೀದಿಯಲ್ಲೇ ಅಕ್ಕನ ಮನೆಯಲ್ಲಿದ್ದರು. ಅಂಗಡಿಯೊಳಗೆ ಬಂದವರೇ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು:

"ಅಣ್ಣಾ, ನೀವು ಕನ್ನಡದೋರು ಕದಾ? ಫೋನಲ್ಲಿ ಮಾತಾಡ್ತಿದ್ದದ್ದು ಕೇಳಿಸ್ತು."

"ದಾವಣಗೆರೆ ಕಡೆ. ನೀವು?"

"ನಾನು ಬೆಜವಾಡಾನೇ ಅಂಡಿ. ಅಮ್ಮನ ಜೊತೆ ಮಾತ್ರ ಕನ್ನಡ. ತಪ್ಪಿದ್ರೆ ನಗಬೇಡಿ."

ಆಕೆಯ ವಿಷಯ, ಕೊಂಡಪಲ್ಲಿ ಗೊಂಬೆಗಳಿಗೆ ಕಟ್ಟಿಗೆ ಕೊಡುವ ಪೊಣಿಕಿ ಮರ. ಅದರ ಬೀಜ ಯಾಕೆ ಸುಲಭವಾಗಿ ಮೊಳೆಯುವುದಿಲ್ಲ ಎಂಬುದು. ಕೊಂಡಪಲ್ಲಿ ಗುಡ್ಡದಲ್ಲಿ ವರ್ಷಗಟ್ಟಲೆ ಓಡಾಡಿದ್ದರು. ಆ ತಿಂಗಳ ಕೊನೆಗೆ ರಜೆ ಮುಗಿಯುತ್ತಿತ್ತು. ಥೀಸಿಸ್ ಸಲ್ಲಿಸಿದ ಕಾಗದ ಹಿಡಿದು ಬಂದರೆ ಕೆಲಸ ಖಾಯಂ, ಬರಿಗೈಲಿ ಬಂದರೆ ಆ ಜಾಗಕ್ಕೆ ಬೇರೆಯವರು ಸಿದ್ಧರಿದ್ದಾರೆ ಎಂದು ಕಾಲೇಜಿನ ಆಡಳಿತದವರು ಹೇಳಿ ಕಳಿಸಿದ್ದರು. ಸಲ್ಲಿಸಬೇಕಾದರೆ ಮಾರ್ಗದರ್ಶಕರ, ಅಂದರೆ ಅವರ ಪ್ರೊಫೆಸರರ, ಸಹಿ ಬೇಕು. ಇಷ್ಟೇ ವಿಷಯ. ಆದರೆ ಉಲ್ಲೇಖ ಪಟ್ಟಿಯಲ್ಲಿ ಮುನ್ನೂರರ ಮೇಲೆ ಲೇಖನಗಳಿದ್ದವು, ಸಂಖ್ಯೆಗಳು ಆಗಲೇ ಎರಡು ಸಲ ಜರುಗಿ ಕಲಸುಮೇಲೋಗರವಾಗಿದ್ದವು.

ಮೊದಲು ಊರಿನಲ್ಲೇ ವಿಚಾರಿಸಿದೆ. ಇಲ್ಲೊಬ್ಬರು ತಾವೇ ಬರೆದ ಪ್ಯಾಕೇಜು ಮಾರುತ್ತಿದ್ದರು. ಲೇಖಕರ ಹೆಸರು, ವರ್ಷ, ಪತ್ರಿಕೆ ತುಂಬಿಸಿದರೆ ಅಕ್ಷರ ಕ್ರಮದಲ್ಲಿ ಜೋಡಿಸಿ ಮುದ್ದಾಗಿ ಪಟ್ಟಿ ಕೊಡುತ್ತಿತ್ತು. "ಅಧ್ಯಾಯದ ಒಳಗಿನ ಸಂಖ್ಯೆ?" ಎಂದೆ. "ಅದನ್ನ ನೀವೇ ಹಾಕ್ಕೋಬೇಕು" ಎಂದರು. ಮತ್ತೆ ಇದಕ್ಕೂ ಸಂತೆ ಚೀಟಿಗೂ ಏನು ವ್ಯತ್ಯಾಸ? ನಾನು ವಸ್ತು ಕೊಳ್ಳುವಾಗ ಬೆಲೆ ಮೊದಲು ಕೇಳುವುದಿಲ್ಲ, ಇದು ಏನನ್ನು ಮಾಡುವುದಿಲ್ಲ ಎಂದು ಕೇಳುತ್ತೇನೆ. ನೀವೂ ಹಾಗೇ ಕೇಳಿ. ಮಾರುವವನು ಬೆಲೆಗೆ ತಯಾರಾಗಿರುತ್ತಾನೆ, ಈ ಪ್ರಶ್ನೆಗೆ ತಯಾರಾಗಿರುವುದಿಲ್ಲ.

ಹೊರದೇಶದ ಇನ್ನೊಂದು ಪ್ಯಾಕೇಜು ವಿಜಯವಾಡದ ಒಬ್ಬ ಡೀಲರ್ ಹತ್ತಿರ ಇತ್ತು. ಅದರಲ್ಲಿ ಅಧ್ಯಾಯ ಟೈಪ್ ಮಾಡುವಾಗ ಕಂಸದೊಳಗೆ ಲೇಖನದ ಗುರುತು ಹಾಕುತ್ತ ಹೋಗಬೇಕು. ಕೊನೆಗೆ ಒಂದು ಕೀಲಿ ಒತ್ತಿದರೆ ಅದು ಅಧ್ಯಾಯಗಳನ್ನೆಲ್ಲ ಓದಿ, ಪಟ್ಟಿ ತಾನೇ ಕಟ್ಟಿ, ಗುರುತುಗಳ ಜಾಗದಲ್ಲಿ ಸರಿಯಾದ ಸಂಖ್ಯೆ ಕೂರಿಸುತ್ತದೆ. ಒಂದು ಲೇಖನ ಸೇರಿಸಿದರೆ ಮತ್ತೆ ಒತ್ತಿದರಾಯಿತು. ಉಪನ್ಯಾಸಕಿಯ ಅಧ್ಯಾಯಗಳಲ್ಲಿ ಗುರುತುಗಳನ್ನು, ಲೇಖನಗಳ ವಿವರವನ್ನು ಆ ಪ್ಯಾಕೇಜಿಗೆ ಹೊಂದುವಂತೆ ನಮ್ಮ ಆಪರೇಟರು ಮತ್ತು ಆಕೆ ಕೂತು ತುಂಬಿಸಿದರು. ಆ ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿ ಭದ್ರ ಮಾಡಿಕೊಂಡು ಬೆಳಗಿನ ರೈಲು ಹತ್ತಿದೆ.

ಡೀಲರ್ ಅಂಗಡಿ ಬೆಸೆಂಟ್ ರೋಡಿನ ಒಂದು ಮಹಡಿಯಲ್ಲಿತ್ತು. ಏಸಿ ಇತ್ತು, ಚಪ್ಪಲಿ ಹೊರಗೆ ಬಿಡಬೇಕಿತ್ತು. ನಮ್ಮ ಮಾತು ನಡೆದದ್ದು ತೆಲುಗಿನಲ್ಲಿ. ಡೀಲರು ತಮ್ಮ ಮಾದರಿ ಫೈಲಿನ ಫ್ಲಾಪಿ ಹಾಕಿ, ಅಮೆರಿಕದ ಯಾವುದೋ ಡಾಕ್ಟರರ ಲೇಖನ ತೋರಿಸಿ, ಕೀಲಿ ಒತ್ತಿ, "ನೋಡಿದ್ರಾ ಸಾರ್" ಎಂದರು.

"ಆ ಡಾಕ್ಟರು ನಮ್ಮ ಅಂಗಡಿಗೆ ಬರಲ್ಲಪ್ಪ. ನನ್ನ ಫ್ಲಾಪಿ ಹಾಕಿ."

"ಬೇರೆ ಫ್ಲಾಪಿ ಹಾಕಿದ್ರೆ ವೈರಸ್ ಬರುತ್ತೆ ಸಾರ್."

"ನನ್ನ ಫ್ಲಾಪಿ ಹಾಕದಿದ್ರೆ ನಾನು ಹೋಗ್ತೀನಿ ಸಾರ್."

ಹಾಕಿದರು. ನಮ್ಮ ಫೈಲುಗಳನ್ನು ಅದು ಓದಲಿಲ್ಲ. ನಾವು ಬಳಸುತ್ತಿದ್ದ ವರ್ಡ್ ಪ್ರೊಸೆಸರ್ ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಫೈಲುಗಳನ್ನು ಬೇರೆ ರೂಪಕ್ಕೆ ತಿರುಗಿಸಿದರೆ ಸಸ್ಯಗಳ ಲ್ಯಾಟಿನ್ ಹೆಸರುಗಳಿಗೆ ಹಾಕಿದ್ದ ವಾಲುವ ಅಕ್ಷರವೆಲ್ಲ ನೆಟ್ಟಗಾಗಿಬಿಟ್ಟವು. ತೆಲುಗು ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆಂದು ತಿಳಿಯದೆ ಎಲ್ಲ ರಾವ್‌ಗಳನ್ನೂ ಒಂದೇ ಕಡೆ ಗುಡ್ಡೆ ಹಾಕಿತು. ಇದನ್ನೆಲ್ಲ ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ. ತಿದ್ದಲು ಬರುವ ದೋಷಗಳು ಚೌಕಾಸಿಗೆ ಒಳ್ಳೆಯ ಸಾಮಾನು. ಆದರೆ ಕೊನೆಗೆ ಪಟ್ಟಿ ಪರದೆಯ ಮೇಲೆ ಬಂದಾಗ ನನಗೆ ರೇಗಿತು. ಮುನ್ನೂರರ ಮೇಲೆ ಲೇಖನ ತುಂಬಿಸಿಕೊಂಡು ಹೋಗಿದ್ದೆ. ಬಂದದ್ದು ತೊಂಬತ್ತರ ಆಸುಪಾಸು.

"ಉಳಿದದ್ದು ಎಲ್ಲಿ? ನುಂಗಿತಾ?"

"ಡೆಮೋ ಕಾಪಿ ಅಲ್ಲ ಸಾರ್ ಇದು, ನುಂಗಲ್ಲ."

"ಮತ್ತೆ ಮೂರನೇ ಎರಡು ಭಾಗ ಆವಿ ಆಯ್ತಾ ನಿಮ್ಮ ಏಸಿಗೆ?"

ನಾನು ಫ್ಲಾಪಿ ಕಿತ್ತುಕೊಂಡು ಏಳುವವನಿದ್ದೆ. ಡೀಲರು ಕೈಮುಗಿದು ಕೂರಿಸಿ, ಕಾಣೆಯಾದ ಒಂದು ಲೇಖನದ ಹೆಸರು ಹೇಳಿ ಎಂದರು. ಹೇಳಿದೆ. ಅಧ್ಯಾಯಗಳಲ್ಲೆಲ್ಲ ಹುಡುಕಿಸಿದರು. ಎಲ್ಲೂ ಇರಲಿಲ್ಲ. ಇನ್ನೊಂದು ಹೇಳಿದೆ. ಇರಲಿಲ್ಲ. ಆಮೇಲೆ ತಣ್ಣಗೆ ಅಂದರು:

"ಬರವಣಿಗೆಯಲ್ಲಿ ಕರೆದವರನ್ನ ಮಾತ್ರ ಇದು ಪಟ್ಟಿಗೆ ಸೇರಿಸುತ್ತೆ ಸಾರ್. ಕರೆಯದೆ ಬಂದವರಿಗೆ ಎಲೆ ಹಾಕಲ್ಲ."

ನನಗೆ ಆ ಮಾತು ಮೆಚ್ಚಿಗೆಯಾಯಿತು. ಇಂಥ ಬಿಗಿ ಸಾಮಾನೇ ನಮಗೆ ಬೇಕು ಎಂದುಕೊಂಡೆ. ಸಂಜೆವರೆಗೆ ಕೂತು, ರಾವ್‌ಗಳ ಗುಡ್ಡೆ, ನೆಟ್ಟಗಾದ ಲ್ಯಾಟಿನ್ನು, ಕಳ್ಳಪ್ರತಿ ಓಡದಂತೆ ಪ್ರಿಂಟರ್ ಕೇಬಲ್ಲಿನ ಹಿಂದೆ ಸಿಕ್ಕಿಸಬೇಕಾದ ಅವರ ಬೀಗದ ಡಬ್ಬಿ, ಒಂದೊಂದನ್ನೂ ಎತ್ತಿ ತೋರಿಸಿ ಬೆಲೆ ಇಳಿಸಿದೆ. ನಮ್ಮ ವಿಭಾಗದ ಪದ್ಧತಿಗೆ ತಕ್ಕ ಹಾಗೆ ಚುಕ್ಕೆ ಅಲ್ಪವಿರಾಮ ಸರಿಮಾಡಿ ಕೊಡುವುದನ್ನೂ ಅದರಲ್ಲೇ ಸೇರಿಸಿಕೊಂಡೆ. ಎದ್ದಾಗ ಡೀಲರು, "ಸಾರ್, ಇನ್ನೊಂದು ಸಲ ನೀವು ಬಂದ್ರೆ ನಾನು ಊರಲ್ಲಿರಲ್ಲ" ಎಂದರು. ವ್ಯಾಪಾರದಲ್ಲಿ ನನಗೆ ಸಿಕ್ಕ ಪ್ರಶಂಸಾಪತ್ರಗಳಲ್ಲಿ ಅದು ಒಳ್ಳೆಯದು.

ಮರುದಿನ ಉಪನ್ಯಾಸಕಿಗೆ ಸಣ್ಣಗಾದ ಪಟ್ಟಿ ತೋರಿಸಿದೆ. ಆಕೆ ಗಾಬರಿಯಾಗಲಿಲ್ಲ.

"ಇದು ನಾನು ಓದಿದ್ದು ಅಣ್ಣಾ."

"ಉಳಿದದ್ದು?"

"ಅದು ನಮ್ಮ ಲ್ಯಾಬ್ ಪಟ್ಟಿ. ನನಗೆ ಸೀನಿಯರ್ ಕೊಟ್ಟರು. ಅವರಿಗೆ ಅವರ ಸೀನಿಯರ್. ಎಲ್ಲರೂ ಮೊದಲು ಅದನ್ನ ಹಾಕಿ, ಆಮೇಲೆ ತಮ್ಮದು ಸೇರಿಸ್ತಾರಂಡಿ."

"ಯಾರೂ ಓದಲ್ವಾ?"

"ಮೊದಲನೆಯವರು ಓದಿರಬೇಕು."

ಆ ಹೆಸರುಗಳನ್ನು ನಾನೂ ಎಷ್ಟು ಥೀಸಿಸ್‌ಗಳಲ್ಲಿ ಕಂಡಿದ್ದೆ! ದೊಡ್ಡ ವಿದ್ವಾಂಸರಿರಬೇಕು, ಎಲ್ಲರೂ ಇವರನ್ನೇ ಓದುತ್ತಾರೆ ಎಂದು ಗೌರವಪಟ್ಟಿದ್ದೆ. ಒಬ್ಬರ ಎಂಜಲೆಲೆಯಲ್ಲಿ ಇನ್ನೊಬ್ಬರು, ಅವರ ಎಲೆಯಲ್ಲಿ ಮತ್ತೊಬ್ಬರು ಕೂತು ಉಂಡು, ಕೊನೆಗೆ ಎಲ್ಲರೂ ಡಾಕ್ಟರು. ನಾವು ರಾತ್ರಿ ಹಗಲು ಸಂಖ್ಯೆ ಜರುಗಿಸಿ ಕಣ್ಣು ಕೆಡಿಸಿಕೊಂಡದ್ದು ಈ ಹಳಸಲಿಗೆ.

"ಏನು ಮಾಡೋಣ ಅಮ್ಮಾ? ಬೇಕಾದರೆ ಹಳೆಯ ಹಾಗೇ ಪಟ್ಟಿ ಹೊಡೆದು ಅಂಟಿಸಬಹುದು" ಎಂದೆ. ಗಿರಾಕಿಯ ಕೆಲಸ ಗಿರಾಕಿಯದು.

"ಇಲ್ಲಿವರೆಗೂ ಕೇಳೋರಿರಲಿಲ್ಲ, ಹಾಕಿದೆ. ಈಗ ಮಿಷನ್ ಕೇಳಿತು ಕದಾ. ಓದದೇ ಇದ್ದದ್ದು ಬೇಡ ಅಣ್ಣಾ, ತೆಗೆದುಬಿಡಿ."

ಪ್ರೊಫೆಸರರಿಗೆ ಯಂತ್ರದ ವಿಷಯ ವಿವರಿಸಲು ನೀವೂ ಬನ್ನಿ ಎಂದು ಆಕೆ ಕರೆದರು. ಹೋದೆ. ದೊಡ್ಡ ಕೋಣೆ, ಗೋಡೆ ಉದ್ದಕ್ಕೂ ಗಾಜಿನ ಶೀಶೆಗಳಲ್ಲಿ ಕಡಲಕಳೆ. ಅದು ಅವರ ವಿಷಯ. ನಮಗೆ ಕುರ್ಚಿ ತೋರಿಸಲಿಲ್ಲ. ಥೀಸಿಸ್ ಕಟ್ಟನ್ನು ಎಳೆದುಕೊಂಡು, ಬೋರಲು ಮಾಡಿ, ಕೊನೆಯ ಪುಟಗಳನ್ನು ತೆಗೆದರು. ಬೆರಳು ಒಂದು ಅಕ್ಷರದ ಹತ್ತಿರ ಹೋಗಿ ನಿಂತಿತು. ಮೇಲೆ ಹೋಯಿತು, ಕೆಳಗೆ ಬಂತು.

"ಏಮ್ಮಾ, ನಾನೆಲ್ಲಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಕೆಗೆ ಆಯಿತು. ಆ ಲ್ಯಾಬ್ ಪಟ್ಟಿಯಲ್ಲಿ ಪ್ರೊಫೆಸರರ ಸ್ವಂತ ಲೇಖನಗಳು ಹದಿನಾಲ್ಕಿದ್ದವು. ಯಂತ್ರ ಅವನ್ನೂ ಹೊರಗಿಟ್ಟಿತ್ತು.

"ಸಾರ್, ತಮ್ಮ ಲೇಖನಗಳು ಕಡಲಕಳೆಯ ಮೇಲೆ. ನಂದು ಬೀಜ ಮೊಳೆಯೋದು. ಕಡಲಕಳೆಗೆ ಬೀಜ ಇರಲ್ಲ ಸಾರ್."

"ಇರಲ್ಲ ಅಂತ ನನಗೆ ಗೊತ್ತಿಲ್ವಾ? ನಾಲ್ಕು ವರ್ಷ ನನ್ನ ಲ್ಯಾಬ್ ನೀರು ಕುಡಿದೆ, ನನ್ನ ಹೆಸರು ಒಂದು ಕಡೆ ಇಲ್ಲ. ಪರೀಕ್ಷಕರು ಏನಂದುಕೊಳ್ತಾರೆ? ಇವನು ಏನೂ ಬರೆದಿಲ್ಲ ಅಂತ ತಾನೇ?" ಆಮೇಲೆ ನನ್ನ ಕಡೆ ತಿರುಗಿ, "ಏಮಯ್ಯಾ, ಬೇರೆ ಸಾಫ್ಟ್‌ವೇರ್ ಸಿಗಲಿಲ್ವಾ ನಿನಗೆ? ಇದೇನು ಪೊಲೀಸ್ ಸ್ಟೇಷನ್ನಾ?"

ಸಹಿಗೆ ತೆಗೆದಿದ್ದ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ರಜೆ ಮುಗಿಯುವುದಕ್ಕೆ ಆ ವಾರವಷ್ಟೇ ಉಳಿದಿತ್ತು.

ನಾನು ಚೌಕಾಸಿಯವನು. ಎದುರಿಗೆ ಪ್ರೊಫೆಸರ್ ಇರಲಿ, ಬದನೆಕಾಯಿಯವಳಿರಲಿ, ಪೆನ್ನಿನ ಮುಚ್ಚಳ ಬಿದ್ದರೆ ಮಾತು ಶುರುವಾಯಿತು ಎಂದೇ ನನ್ನ ಲೆಕ್ಕ.

"ಸಾರ್, ಮುನ್ನುಡಿಯಲ್ಲಿ ಎಲ್ಲಾದರೂ ತಮ್ಮ ಎರಡು ಲೇಖನ ಕೂರಿಸೋಣ."

"ಇದೇನು ಮೀನಿನ ಮಾರ್ಕೆಟ್ಟಾ?" ಎಂದು ಗುಡುಗಿದರು. ಒಂದು ಗಳಿಗೆ ಬಿಟ್ಟು, "ಹನ್ನೆರಡು" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಾಲ್ಕು ಎಂದೆ. ಹತ್ತು ಎಂದರು. ಹಳೆಯವು ಬಿಟ್ಟು ಹೊಸವು ಮಾತ್ರ ಎಂದೆ. ಹಳೆಯವೇ ಮುಖ್ಯ, ಅವು ಹೊರದೇಶದ ಪತ್ರಿಕೆಯಲ್ಲಿ ಬಂದದ್ದು ಎಂದರು. ಗೋಡೆಗೆ ಶೀಶೆಗಳು, ಶೀಶೆಗಳಲ್ಲಿ ಕೊಳೆತ ಹಸಿರು, ಮೂಗಿಗೆ ಫಾರ್ಮಲಿನ್ ವಾಸನೆ, ನಾವಿಬ್ಬರು ಸಂತೆಯಲ್ಲಿ ನಿಂತವರ ಹಾಗೆ ವಿದ್ಯೆಯನ್ನು ಡಜನ್ ಲೆಕ್ಕದಲ್ಲಿ ಮಾತಾಡುತ್ತಿದ್ದೆವು. ಆರಕ್ಕೆ ಇಳಿಸಿದೆ. ಒಳ್ಳೆಯ ವ್ಯಾಪಾರ. ಒಪ್ಪಿಕೊಳ್ಳಿ ಎಂಬಂತೆ ಆಕೆಯ ಕಡೆ ನೋಡಿದೆ.

ಅಲ್ಲಿವರೆಗೂ ತೆಲುಗಿನಲ್ಲಿ ಮಾತಾಡುತ್ತಿದ್ದ ಆಕೆ ಕನ್ನಡದಲ್ಲಿ, ಮೆಲ್ಲಗೆ, "ಅಣ್ಣಾ, ಆರಾದರೂ ಅಷ್ಟೇ, ಒಂದಾದರೂ ಅಷ್ಟೇ. ಯಾವ ಸಾಲಲ್ಲಿ ಹಾಕಲಿ? ಹೇಳಿ" ಎಂದರು.

ಆಕೆಯ ಕನ್ನಡದ ಮಾತು ಪ್ರೊಫೆಸರರಿಗೆ ತಿಳಿಯಲಿಲ್ಲ, ಆದರೆ ಆಕೆ ಒಪ್ಪುತ್ತಿಲ್ಲ ಎಂಬುದು ತಿಳಿಯಿತು. "ಮಿಷನ್ನಿಗೆ ಏನು ಬೇಕು?" ಎಂದು ನನ್ನನ್ನೇ ಕೇಳಿದರು. ಬರವಣಿಗೆಯಲ್ಲಿ ಎಲ್ಲಾದರೂ ಕರೆದಿರಬೇಕು ಎಂದೆ. "ಅಷ್ಟೇನಾ?" ಎಂದು ಪೆನ್ನು ತೆಗೆದರು. ಒಂದನೆಯ ಅಧ್ಯಾಯದ ಕೊನೆಯ ಪುಟದಲ್ಲಿ, ಅಂಚಿನಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಈ ಕರಾವಳಿಯ ಕಡಲಕಳೆಗಳ ಮೇಲೂ ವಿಸ್ತಾರವಾದ ಕೆಲಸ ನಡೆದಿದೆ ಎಂದು ಅದರ ಅರ್ಥ. ಪಕ್ಕದಲ್ಲಿ ಖಾಲಿ ಕಂಸ.

"ಈ ಕಂಸದಲ್ಲಿ ಹದಿನಾಲ್ಕೂ ಹಾಕು. ಹಾಕಿ ತಂದರೆ ಸಹಿ."

ಒಂದು ಸಾಲು! ಮಹಡಿ ಹತ್ತಿ, ಚಪ್ಪಲಿ ಬಿಟ್ಟು, ಹಗಲೆಲ್ಲ ಜಗಳಾಡಿ, ಕರೆಯದವರಿಗೆ ಎಲೆ ಹಾಕುವುದಿಲ್ಲ ಎಂದು ಮೆಚ್ಚಿ ತಂದ ಸಾಮಾನನ್ನು ಆ ಮನುಷ್ಯ ಕೂತಲ್ಲೇ ಒಂದು ಸಾಲಿನಲ್ಲಿ ಮಣಿಸಿಬಿಟ್ಟಿದ್ದರು. ಅಂಗಡಿಗೆ ಬಂದು ಆ ಸಾಲು ಸೇರಿಸಿ, ಕಂಸದಲ್ಲಿ ಹದಿನಾಲ್ಕು ಗುರುತು ತುಂಬಿ ಕೀಲಿ ಒತ್ತಿದರೆ, ನನ್ನ ಬಿಗಿ ಸಾಫ್ಟ್‌ವೇರ್ ಒಂದು ಮಾತೂ ಆಡದೆ ಎಲ್ಲವನ್ನೂ ಸಾಲಾಗಿ ಕೂರಿಸಿತು. ಪಟ್ಟಿಯಲ್ಲಿ ಒಂದೇ ಹೆಸರು ಪುಟದುದ್ದಕ್ಕೂ.

ಉಪನ್ಯಾಸಕಿ ಆಪರೇಟರ ಪಕ್ಕ ಕುರ್ಚಿ ಎಳೆದುಕೊಂಡರು. "ಆ ಸಾಲಾದ ಮೇಲೆ ಇನ್ನೊಂದು ಸಾಲು ಹೊಡೆಯಿರಂಡಿ" ಎಂದು ನಿಧಾನವಾಗಿ ಹೇಳಿ ಬರೆಸಿದರು. ನಾನು ಬಗ್ಗಿ ಓದಿದೆ: ಈ ಲೇಖನಗಳಿಂದ ಪ್ರಸ್ತುತ ಅಧ್ಯಯನಕ್ಕೆ ಯಾವ ಉಪಯೋಗವೂ ಆಗಿಲ್ಲ.

"ಅಮ್ಮಾ, ತಲೆ ಕೆಟ್ಟಿದೆಯಾ? ಸಹಿ ಆಗೋವರೆಗೂ ಸುಮ್ಮನಿರಿ. ಆಮೇಲೆ ಪುಟ ಬದಲಾಯಿಸೋಣ."

"ಸಹಿ ಆದಮೇಲೆ ಬದಲಾಯಿಸಿದರೆ ಮೋಸ ಆಗಲ್ವಾ ಅಣ್ಣಾ? ಈಗಲೇ ಇರಲಿ. ಸಾರ್ ಓದಿದ್ರೆ ಬಯ್ತಾರೆ, ಕೆಲಸಾನೂ ಹೋಗುತ್ತೆ. ಓದಲಿ. ನಾಲ್ಕು ವರ್ಷದಲ್ಲಿ ನನ್ನದು ಒಂದು ಪುಟ ಓದಿದ ಹಾಗಾಗುತ್ತೆ."

ನಾನು ಬೇಡವೆಂದು ಇನ್ನೂ ಎಷ್ಟೋ ಹೇಳಿದೆ. ಲಾಭ ನಷ್ಟ ಬಿಡಿಸಿ ತೋರಿಸಿದೆ. ಆಕೆ ಕೇಳಲಿಲ್ಲ. ಆ ಪುಟ ಹಾಗೇ ಪ್ರಿಂಟ್ ಆಯಿತು.

ರಜೆಯ ಕೊನೆಯ ದಿನ ಬೆಳಿಗ್ಗೆ ಅದೇ ಕೋಣೆಗೆ ಹೋದೆವು. ಈ ಸಲ ನನ್ನನ್ನು ಯಾರೂ ಕರೆದಿರಲಿಲ್ಲ. ಮನಸ್ಸು ತಡೆಯದೆ ಹೋದೆ. ಪ್ರೊಫೆಸರು ಕಟ್ಟನ್ನು ಬೋರಲು ಹಾಕಿದರು. ತಮ್ಮ ಅಕ್ಷರ ಸಿಕ್ಕಿತು. ಪೆನ್ನಿನ ತುದಿಯಿಂದ ಒಂದೊಂದೇ ಮುಟ್ಟುತ್ತ ಎಣಿಸಿದರು. ಹದಿನಾಲ್ಕಕ್ಕೆ ಬಂದು ತಲೆಯಾಡಿಸಿದರು. ನಂತರ ಒಂದನೆಯ ಅಧ್ಯಾಯದ ಕಡೆ ಪುಟ ಸರಿಸತೊಡಗಿದರು. ಆಕೆ ಶೀಶೆಗಳನ್ನು ನೋಡುತ್ತ ನಿಂತಿದ್ದರು. ಪುಟಗಳು ಸರಿದವು, ಆ ಪುಟವೂ ಸರಿಯಿತು, ಅವರು ಹುಡುಕುತ್ತಿದ್ದದ್ದು ಅಧ್ಯಾಯಕ್ಕೂ ಮೊದಲು ಬರುವ, ಮಾರ್ಗದರ್ಶಕರು ಸಹಿ ಹಾಕುವ ಪ್ರಮಾಣಪತ್ರದ ಹಾಳೆ. ಸಹಿ ಹಾಕಿದರು.

"ಪರವಾಗಿಲ್ಲಯ್ಯಾ, ಒಳ್ಳೇ ಸಾಫ್ಟ್‌ವೇರ್" ಎಂದು ನನ್ನ ಕಡೆ ನೋಡಿ ನಕ್ಕರು. "ನನ್ನ ಸ್ಟೂಡೆಂಟ್‌ಗಳನ್ನೆಲ್ಲ ಇನ್ನು ನಿನ್ನ ಹತ್ತಿರಾನೇ ಕಳಿಸ್ತೀನಿ."

ಕಾಫಿ ತರಿಸಿದರು. ಈ ಸಲ ಕುರ್ಚಿಯೂ ಸಿಕ್ಕಿತು. ನಾನು ಜೀವಮಾನದಲ್ಲಿ ಬಿಟ್ಟಿ ಕಾಫಿ ಬಿಟ್ಟವನಲ್ಲ, ಅವತ್ತು ಲೋಟವನ್ನು ಹಾಗೇ ಇಟ್ಟುಬಿಟ್ಟೆ. ಉಪನ್ಯಾಸಕಿ ಪೂರ್ತಿ ಕುಡಿದರು. ಮಧ್ಯಾಹ್ನ ಥೀಸಿಸ್ ಸಲ್ಲಿಸಿ, ಸಂಜೆ ರೈಲಿಗೆ ವಿಜಯವಾಡಕ್ಕೆ ಹೋದರು. ಕೆಲಸ ಖಾಯಂ ಆಯಿತೆಂದು ಅವರ ಅಕ್ಕ ಅಂಗಡಿಗೆ ಬಂದು ಹೇಳಿದರು.

ಪ್ರೊಫೆಸರು ಮಾತು ಉಳಿಸಿಕೊಂಡರು. ಕೆಲವು ತಿಂಗಳಿಗೆ ಅವರ ಇನ್ನೊಬ್ಬ ವಿದ್ಯಾರ್ಥಿ ಬಂದರು. ವಿಷಯ ಕಡಲಕಳೆಯೇ, ಭೀಮುನಿಪಟ್ಟಣದ ಬಂಡೆಗಳ ಮೇಲಿನದು, ಗುರುಗಳ ಸ್ವಂತ ಹೊಲ. ಒಂದನೆಯ ಅಧ್ಯಾಯದ ಕೊನೆಯಲ್ಲಿ ಆ ಸಾಲು ಇತ್ತು. ಅದರ ಬೆನ್ನಿಗೇ ಎರಡನೆಯ ಸಾಲೂ ಇತ್ತು, ಅಕ್ಷರ ಬದಲಾಗದೆ: ಈ ಲೇಖನಗಳಿಂದ ಪ್ರಸ್ತುತ ಅಧ್ಯಯನಕ್ಕೆ ಯಾವ ಉಪಯೋಗವೂ ಆಗಿಲ್ಲ.

"ಇದನ್ನ ಓದಿದ್ದೀರಾ?" ಎಂದೆ.

"ಅದು ನಮ್ಮ ಲ್ಯಾಬ್ ಪ್ಯಾರಾ ಸಾರ್. ಹಿಂದಿನ ಮೇಡಂ ಥೀಸಿಸ್‌ನಲ್ಲಿತ್ತು. ಅದು ಇರಲೇಬೇಕು ಅಂತ ಪ್ರೊಫೆಸರು ಹೇಳಿದ್ದಾರೆ."

"ಒಂದು ಸಲ ಓದಿ ನೋಡಿ."

"ಟೈಮಿಲ್ಲ ಸಾರ್, ಪಟ್ಟಿ ತೆಗೀರಿ."

ಕೀಲಿ ಒತ್ತಿದೆ. ಹದಿನಾಲ್ಕೂ ಬಂದವು, ಒಂದೂ ತಪ್ಪಿಲ್ಲದೆ.